ಹಳೆಯ ಗಣಕಯಂತ್ರಗಳೂ ಉಳಿಯಲಿ

ಡೆಂಕಣಿಕೋಟೆಯ ಸುತ್ತಮುತ್ತ ಹೊಲಗಳ ಬದುವಿನಲ್ಲಿ ವೀರಗಲ್ಲುಗಳನ್ನು ನೀವು ಕಂಡಿರಬಹುದು. ಜಿಲ್ಲೆಯ ಇಂತಹ ಕೆಲವು ಕಲ್ಲುಗಳನ್ನು ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಅವನ್ನು ಕಾಪಾಡಬೇಕೆಂದರೆ ಯಾರೂ ಬೇಡವೆನ್ನುವುದಿಲ್ಲ. ಐವತ್ತು ವರ್ಷ ಹಿಂದಿನ ಗಣಕಯಂತ್ರವನ್ನು ಕಾಪಾಡಬೇಕೆಂದರೆ ಮಾತ್ರ, ಗುಜರಿ ಸಾಮಾನಿಗೆ ಇಷ್ಟು ಆದರವೇ ಎಂದು ನಗುತ್ತಾರೆ. ಆ ನಗೆ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಮೊದಲು ಕೋಣೆಯನ್ನೇ ತುಂಬುತ್ತಿದ್ದ ಗಣಕಯಂತ್ರ ಬೀರುವಿನಷ್ಟಕ್ಕೆ ಇಳಿದಾಗ ಅದನ್ನು ಮಿನಿ ಕಂಪ್ಯೂಟರ್ ಎಂದು ಕರೆದರು. ಅಮೆರಿಕದಲ್ಲಿ 1965ರಲ್ಲಿ ಬಂದ ಪಿಡಿಪಿ-8 ಇವುಗಳಲ್ಲಿ ಪ್ರಸಿದ್ಧವಾದುದು. ರಾಗಿ ಕಾಳಿನಷ್ಟು ಸಣ್ಣ ಕಾಂತೀಯ ಉಂಗುರಗಳನ್ನು ತಂತಿಗಳಲ್ಲಿ ಪೋಣಿಸಿ ಅದರ ನೆನಪಿನ ಕೋಶವನ್ನು ಮಾಡಿದ್ದರು. ಒಂದು ಉಂಗುರಕ್ಕೆ ಒಂದು ಬಿಟ್‌ನಂತೆ 49,152 ಉಂಗುರಗಳು! ನಮ್ಮ ದೇಶದವರೂ ಸುಮ್ಮನಿರಲಿಲ್ಲ. ಟ್ರಾಂಬೆಯ ವಿಜ್ಞಾನಿಗಳ ಶ್ರಮದಿಂದ 1969ರಲ್ಲಿ ಟಿಡಿಸಿ-12 ಸಿದ್ಧವಾಯಿತು. ಬಳಿಕ ಹೈದರಾಬಾದಿನ ಇಸಿಐಎಲ್ ಸಂಸ್ಥೆ ಟಿಡಿಸಿ-312, ಟಿಡಿಸಿ-316 ಯಂತ್ರಗಳನ್ನು ತಯಾರಿಸಿತು. ನಮ್ಮ ನೆರೆಯ ಬೆಂಗಳೂರಿನಲ್ಲಿ ವಿಪ್ರೊ ಸಂಸ್ಥೆ 1981ರಲ್ಲಿ ಮಿನಿ ಕಂಪ್ಯೂಟರನ್ನು ಹೊರತಂದಿತು.

ಇಂತಹ ಯಂತ್ರಗಳು ಹಳತಾದಾಗ ಕಚೇರಿಗಳು ಅವುಗಳನ್ನು ತೂಕಕ್ಕೆ ಮಾರುತ್ತವೆ. ಒಳಗಿನ ಫಲಕಗಳಲ್ಲಿ ಚಿನ್ನದ ಲೇಪವಿರುವುದೇ ಅವುಗಳಿಗೆ ಶತ್ರು. ಇ-ತ್ಯಾಜ್ಯವನ್ನು ಕುರಿತು 2011, 2016 ಮತ್ತು 2022ರಲ್ಲಿ ನಿಯಮಗಳು ಬಂದವು. ವಿಷವಸ್ತುಗಳು ಮಣ್ಣು ನೀರಿಗೆ ಸೇರದಿರಲು ಅವು ಬೇಕೇ ಬೇಕು. ಎಲ್ಲವನ್ನೂ ಇಟ್ಟುಕೊಳ್ಳಲು ಜಾಗವೂ ಇಲ್ಲ. ಆದರೆ ಲಾರಿಗೆ ಏರಿಸುವ ಮುನ್ನ, ಈ ಬಗೆಯದು ಬೇರೆಲ್ಲಾದರೂ ಒಂದು ಉಳಿದಿದೆಯೇ ಎಂದು ವಿಚಾರಿಸುವುದಕ್ಕೆ ಏನು ಖರ್ಚು?

ಉಳಿಸಿದ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ ಕೊಡಬಾರದು. ಬಹುಕಾಲ ಸುಮ್ಮನಿದ್ದ ಕೆಪಾಸಿಟರುಗಳು ಸಿಡಿಯಬಹುದು. ಧೂಳು ತೆಗೆದು, ತಂತಿಗಳನ್ನು ಪರೀಕ್ಷಿಸಿ, ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಗಣಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಸ್ವಯಂಸೇವಕರು ದುಡಿದು ಪಿಡಿಪಿ-1 ಎಂಬ ಯಂತ್ರಕ್ಕೆ ಮರುಜೀವ ಕೊಟ್ಟರು. 1962ರಲ್ಲಿ ಅದಕ್ಕಾಗಿ ‘ಸ್ಪೇಸ್‌ವಾರ್’ ಆಟವನ್ನು ರಚಿಸಿದ ಸ್ಟೀವ್ ರಸೆಲ್ ಅವರೇ ಅಲ್ಲಿಗೆ ಬಂದು ಸಂದರ್ಶಕರಿಗೆ ಆಟವನ್ನು ತೋರಿಸಿದ್ದಾರೆ.

ನಮ್ಮಲ್ಲಿ ಕೊರತೆಯಿರುವುದು ಇದಕ್ಕೇ. ಕೈಪಿಡಿ, ರಂಧ್ರ ಕೊರೆದ ಕಾಗದದ ಪಟ್ಟಿ, ನಡೆಸಿದವರ ಅನುಭವ ಇವು ಇಲ್ಲದಿದ್ದರೆ ಉಳಿದ ಯಂತ್ರ ಬರಿಯ ಬೀರು. ಅಕ್ಷರ ಸವೆದ ಶಾಸನದ ಹಾಗೆ. ಹೊಸೂರು, ಡೆಂಕಣಿಕೋಟೆಗಳಿಂದ ಬೆಂಗಳೂರಿನ ಕಾರ್ಖಾನೆ, ಕಚೇರಿಗಳಿಗೆ ಹೋಗಿ ದುಡಿದು ನಿವೃತ್ತರಾದವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇರಬಹುದು. ಅವರ ಬಳಿ ಕುಳಿತು ಕೇಳಿರಿ: ತಾತಾ, ನೀವು ಕಂಡ ಮೊದಲ ಗಣಕಯಂತ್ರ ಯಾವುದು? ಅದಕ್ಕೆ ಲೆಕ್ಕವನ್ನು ಹೇಗೆ ಊಡಿಸುತ್ತಿದ್ದಿರಿ? ನಡುವೆ ನಿಂತುಹೋದರೆ ಏನು ಮಾಡುತ್ತಿದ್ದಿರಿ? ಅವರು ಹೇಳಿದುದನ್ನು ಹೇಳಿದಂತೆಯೇ ಬರೆದು, ದಿನಾಂಕ ಹಾಕಿ ಇಟ್ಟುಕೊಳ್ಳಿರಿ.