‘ಅವಳು ಅಲ್ಲಿಗೆ ಯಾಕೆ ಹೋದಳು?’ ಈ ಪ್ರಶ್ನೆ ನಮ್ಮ ಮನೆಯಲ್ಲೇ ನಿಲ್ಲಲಿ

2024ರ ಜನವರಿ 8ರಂದು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳ ಬಿಡುಗಡೆಯನ್ನು ರದ್ದುಪಡಿಸಿತು. 2022ರ ಆಗಸ್ಟ್ 15ರಂದು ಗೋಧ್ರಾ ಜೈಲಿನಿಂದ ಹೊರಬಂದ ಆ 11 ಮಂದಿಗೆ ಸಿಹಿ ತಿನ್ನಿಸಿ ಹಾರ ಹಾಕಿದ ದೃಶ್ಯವನ್ನು ನಮ್ಮ ಮನೆಗಳಲ್ಲಿ ಯಾರೂ ಮರೆತಿಲ್ಲ. ಹಾಗಾಗಿ ತೀರ್ಪು ಬಂದ ದಿನ ‘ಅಲ್‌ಹಮ್ದುಲಿಲ್ಲಾಹ್’ ಎಂದು ನಿಟ್ಟುಸಿರು ಬಿಟ್ಟವರು ನಾವೆಲ್ಲ.

ಅದೇ ದಿನ ನಮ್ಮದೇ ರಾಜ್ಯದ ಹಾವೇರಿ ಜಿಲ್ಲೆಯ ಹಾನಗಲ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಲಾಡ್ಜೊಂದರಲ್ಲಿ ಮುಸ್ಲಿಂ ಮಹಿಳೆಯೊಬ್ಬರು ಬೇರೆ ಧರ್ಮದ ಪುರುಷನೊಂದಿಗೆ ಇದ್ದಾರೆಂದು ತಿಳಿದು ಯುವಕರ ಗುಂಪೊಂದು ಕೋಣೆಗೆ ನುಗ್ಗಿತು. ಇಬ್ಬರನ್ನೂ ಹೊಡೆಯಿತು, ಹೊಡೆಯುವುದನ್ನು ತಾವೇ ವಿಡಿಯೊ ಮಾಡಿಕೊಂಡಿತು. ಮೊದಲು ಹಲ್ಲೆಯ ಪ್ರಕರಣವೆಂದು ದಾಖಲಾದದ್ದು, ಆ ಮಹಿಳೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟ ಮೇಲೆ ಸಾಮೂಹಿಕ ಅತ್ಯಾಚಾರದ ಪ್ರಕರಣವಾಯಿತು. ಆರೋಪಿಗಳೆಲ್ಲ ನಮ್ಮ ಸಮುದಾಯದವರೇ. 2025ರ ಮೇ ತಿಂಗಳಲ್ಲಿ ಅವರಲ್ಲಿ ಏಳು ಮಂದಿಗೆ ಜಾಮೀನು ಸಿಕ್ಕಾಗ ಕಾರು, ಬೈಕುಗಳ ಸಾಲಿನೊಂದಿಗೆ ಅಕ್ಕಿಆಲೂರಿನವರೆಗೆ ಮೆರವಣಿಗೆ ನಡೆಯಿತು. ಆ ವಿಡಿಯೊವನ್ನೂ ಇಡೀ ರಾಜ್ಯ ನೋಡಿತು. ಪೊಲೀಸರು ಅದಕ್ಕೆ ಬೇರೆಯೇ ಪ್ರಕರಣ ದಾಖಲಿಸಬೇಕಾಯಿತು.

ಆರೋಪಿಗಳು ತಪ್ಪಿತಸ್ಥರೋ ಅಲ್ಲವೋ ಎಂದು ಹೇಳುವುದು ನ್ಯಾಯಾಲಯದ ಕೆಲಸ. ಅದನ್ನು ನಾವು ಇಲ್ಲಿ ಹೇಳ ಹೊರಟಿಲ್ಲ. ಆದರೆ ಒಂದು ಮಾತನ್ನು ಕೇಳಿಕೊಳ್ಳಲೇಬೇಕು. ಗೋಧ್ರಾದ ಹಾರ ನೋಡಿ ಉರಿದ ಹೊಟ್ಟೆ, ಅಕ್ಕಿಆಲೂರಿನ ಕಾರುಗಳನ್ನು ನೋಡಿ ಅಷ್ಟೇ ಉರಿಯಿತೇ? ಉರಿಯಲಿಲ್ಲವಾದರೆ ಯಾಕೆ?

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹಾನಗಲ್‌ನ ಸುದ್ದಿ ಬಂದಾಗ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ, ಅಂಗಡಿ ಜಗಲಿಯಲ್ಲಿ, ಮದುವೆ ಹಾಲ್‌ನ ಊಟದ ಸಾಲಿನಲ್ಲಿ ಮೊದಲು ಬಂದ ಪ್ರಶ್ನೆ ಯಾವುದು? ‘ಅವಳು ಅಲ್ಲಿಗೆ ಯಾಕೆ ಹೋದಳು?’ ನುಗ್ಗಿದವರು ಯಾಕೆ ನುಗ್ಗಿದರು ಎಂಬುದು ಎರಡನೆಯ ಪ್ರಶ್ನೆ. ಕೆಲವು ಕಡೆ ಆ ಎರಡನೆಯ ಪ್ರಶ್ನೆ ಬರಲೇ ಇಲ್ಲ.

ಕರಾವಳಿಯ ನಮಗೆ ಇಂಥ ಗುಂಪುಗಳ ಪರಿಚಯ ಹೊಸದಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್‌ನಲ್ಲಿ ಹೆಣ್ಣುಮಕ್ಕಳನ್ನು ಓಡಿಸಿ ಹೊಡೆದರು. 2012ರ ಜುಲೈ 28ರಂದು ಪಡೀಲ್‌ನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಬಿದ್ದರು. ‘ಸಂಸ್ಕೃತಿ ರಕ್ಷಣೆ’ ಎಂದರು. ಅದನ್ನು ನಾವು ಅನೈತಿಕ ಪೊಲೀಸ್‌ಗಿರಿ ಎಂದು ಕರೆದೆವು, ಸರಿಯಾಗಿಯೇ ಕರೆದೆವು. ಬಸ್ಸಿನಲ್ಲಿ ಸಹಪಾಠಿಯ ಪಕ್ಕ ಕುಳಿತದ್ದಕ್ಕೆ ನಮ್ಮ ಹುಡುಗರು ಪೆಟ್ಟು ತಿಂದದ್ದೂ ನಮಗೆ ಗೊತ್ತು. ಹೀಗಿರುವಾಗ ಅದೇ ಕೆಲಸವನ್ನು ನಮ್ಮವರು ಮಾಡಿದರೆ ಅದಕ್ಕೆ ಬೇರೆ ಹೆಸರು ಇರಲು ಸಾಧ್ಯವೇ? ಶಾಲಿನ ಬಣ್ಣ ನೋಡಿ ಹೆಸರಿಡುವುದಾದರೆ ನಾಳೆ ನಮ್ಮ ಖಂಡನೆಗೆ ಬೆಲೆ ಇರುವುದಿಲ್ಲ.

‘ಅವಳು ಯಾಕೆ ಹೋದಳು’ ಎಂಬ ಪ್ರಶ್ನೆಗೂ ಅನೈತಿಕ ಪೊಲೀಸ್‌ಗಿರಿಗೂ ಬೇರು ಒಂದೇ. ಹೆಣ್ಣು ಎಲ್ಲಿರಬೇಕು, ಯಾರ ಜೊತೆ ಇರಬೇಕು, ಎಷ್ಟು ಹೊತ್ತಿಗೆ ಮನೆಯಲ್ಲಿರಬೇಕು ಎಂಬುದನ್ನು ಬೀದಿಯ ಗಂಡಸರು ತೀರ್ಮಾನಿಸಬಹುದು ಎಂಬ ನಂಬಿಕೆಯೇ ಆ ಬೇರು. ಆ ಗೆರೆ ದಾಟಿದವಳಿಗೆ ಏನಾದರೂ ಆಗಲಿ, ಅದು ಅವಳು ತಂದುಕೊಂಡದ್ದು ಎನ್ನುವುದು ಅದರ ಮುಂದಿನ ಹೆಜ್ಜೆ. ಬಾಗಿಲು ಒದೆಯುವವನಿಗೆ ಧೈರ್ಯ ಬರುವುದು ಇಲ್ಲಿಂದಲೇ. ನಾಳೆ ಊರು ತನ್ನನ್ನು ಕೇಳುವುದಿಲ್ಲ, ಅವಳನ್ನು ಕೇಳುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿರುತ್ತದೆ.

ಈ ರೋಗ ಒಂದು ಸಮುದಾಯದ್ದು ಮಾತ್ರ ಅಲ್ಲ ಬಿಡಿ. ವಿಧಾನಸೌಧದಿಂದಲೂ ಇದೇ ಮಾತು ಬಂದಿದೆ. 2017ರ ಹೊಸ ವರ್ಷದ ಹಿಂದಿನ ರಾತ್ರಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಹೆಣ್ಣುಮಕ್ಕಳಿಗೆ ಕಿರುಕುಳವಾದಾಗ ಅಂದಿನ ಗೃಹ ಸಚಿವ ಜಿ. ಪರಮೇಶ್ವರ ಅವರು ಪಾಶ್ಚಾತ್ಯರಂತೆ ಉಡುಪು ಧರಿಸುವ ವಿಷಯ ಎತ್ತಿದರು. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ ಗೃಹ ಸಚಿವರಾಗಿದ್ದ ಆರಗ ಜ್ಞಾನೇಂದ್ರ ಅವರು, ಆ ಹೊತ್ತಿಗೆ ಅಂಥ ನಿರ್ಜನ ಜಾಗಕ್ಕೆ ಅವರು ಹೋಗಬಾರದಿತ್ತು ಎಂದರು, ಆಮೇಲೆ ಮಾತು ಹಿಂಪಡೆದರು. ಅದೇ ವಾರ ಮೈಸೂರು ವಿಶ್ವವಿದ್ಯಾನಿಲಯ, ಸಂಜೆ 6.30ರ ನಂತರ ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿನಿಯರು ಒಬ್ಬರೇ ಓಡಾಡಬಾರದು ಎಂದು ಸುತ್ತೋಲೆ ಹೊರಡಿಸಿ ಟೀಕೆಗೆ ಗುರಿಯಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಹಿರಿಯ ಶಾಸಕ ಕೆ.ಆರ್. ರಮೇಶ್ ಕುಮಾರ್ ಅತ್ಯಾಚಾರವನ್ನೇ ತಮಾಷೆಗೆ ಎಳೆದರು. ಸದನ ನಕ್ಕಿತು. ಮರುದಿನ ಕ್ಷಮೆ ಕೇಳಿದರು. ಅಪರಾಧ ಮಾಡಿದವನು ಯಾರೋ, ಕಟ್ಟುಪಾಡು ಮಾತ್ರ ಹುಡುಗಿಯರಿಗೆ! ಪಕ್ಷ ಯಾವುದಾದರೇನು, ಮಾತು ಒಂದೇ.

ಹುಡುಗಿ ಹೊರಗೆ ಹೋಗದಿದ್ದರೆ ಸುರಕ್ಷಿತ ಎಂಬ ಲೆಕ್ಕವಾದರೂ ಸರಿಯೇ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 31,677. ಅದರಲ್ಲಿ ಶೇ. 96ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಸಂತ್ರಸ್ತೆಗೆ ಗೊತ್ತಿರುವವನೇ. ಸಂಬಂಧಿಕ, ನೆರೆಯವ, ಪರಿಚಯಸ್ಥ, ಕೆಲಸದ ಜಾಗದವ. ಕತ್ತಲ ಬೀದಿಯ ಅಪರಿಚಿತನಿಗಿಂತ ಮನೆಗೆ ಬಂದು ಚಾ ಕುಡಿದು ಹೋಗುವವನೇ ಹೆಚ್ಚು. ಇನ್ನು ಬಟ್ಟೆಯ ವಿಷಯ. ಹಾನಗಲ್‌ನ ಆ ವಿಡಿಯೊದಲ್ಲಿದ್ದ ಮಹಿಳೆ ಬುರ್ಖಾ ತೊಟ್ಟಿದ್ದರು. ಬಟ್ಟೆ ಕಾಪಾಡುತ್ತದೆ ಎನ್ನುವವರು ಇದಕ್ಕೆ ಏನಂತಾರೆ?

ಕೆಲವು ಹಿರಿಯರು ಕೇಳುತ್ತಾರೆ: ‘ಅನ್ಯ ಗಂಡಸಿನ ಜೊತೆ ಕೋಣೆಯಲ್ಲಿರುವುದು ದೀನ್‌ನಲ್ಲಿ ಸರಿಯಾ?’ ಈ ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳುವುದಿಲ್ಲ. ಸರಿಯಲ್ಲ ಎಂದೇ ಇಟ್ಟುಕೊಳ್ಳೋಣ. ಅದು ಅವಳಿಗೂ ಅಲ್ಲಾಹನಿಗೂ ಬಿಟ್ಟದ್ದು. ಆದರೆ ಬೇರೆಯವರ ವಾಸದ ಜಾಗಕ್ಕೆ ಅನುಮತಿ ಕೇಳದೆ ಪ್ರವೇಶಿಸಬೇಡಿ ಎಂದು ಕುರ್‌ಆನ್‌ನ ಅನ್ನೂರ್ ಅಧ್ಯಾಯವೇ ಹೇಳುತ್ತದಲ್ಲ? ದೃಷ್ಟಿ ತಗ್ಗಿಸಬೇಕೆಂಬ ಆಜ್ಞೆಯನ್ನು ಅದೇ ಅಧ್ಯಾಯ ಮೊದಲು ಕೊಟ್ಟದ್ದು ಗಂಡಸರಿಗೆ. ಶೀಲವಂತ ಹೆಣ್ಣಿನ ಮೇಲೆ ಆರೋಪ ಹೊರಿಸಿ ನಾಲ್ಕು ಸಾಕ್ಷಿಗಳನ್ನು ತರದವನಿಗೆ 80 ಛಡಿಯೇಟು ಎಂದು ಹೇಳಿದ್ದೂ ಅದೇ ಅಧ್ಯಾಯ. ಹಾಗಾದರೆ ಹೆಣ್ಣಿನ ಬಗ್ಗೆ ಗ್ರೂಪಿನಿಂದ ಗ್ರೂಪಿಗೆ ಫಾರ್ವರ್ಡ್ ಮಾಡುವ ಬೆರಳುಗಳ ಕತೆ ಏನು?

ಅಬೂದಾವೂದ್ ಮತ್ತು ತಿರ್ಮಿದಿ ಹದೀಸ್ ಸಂಗ್ರಹಗಳಲ್ಲಿ ಒಂದು ಘಟನೆ ವರದಿಯಾಗಿದೆ. ಪ್ರವಾದಿ(ಸ)ಯವರ ಕಾಲದಲ್ಲಿ ನಮಾಝ್‌ಗೆಂದು ಹೊರಟಿದ್ದ ಹೆಣ್ಣೊಬ್ಬಳ ಮೇಲೆ ದಾರಿಯಲ್ಲಿ ಅತ್ಯಾಚಾರವಾಯಿತು. ಅವಳು ಬಂದು ದೂರು ಹೇಳಿದಳು. ಒಬ್ಬಳೇ ಯಾಕೆ ಹೊರಟೆ ಎಂಬ ಪ್ರಶ್ನೆ ಆ ವರದಿಯಲ್ಲಿ ಎಲ್ಲೂ ಇಲ್ಲ. ಅವಳ ಮೇಲೆ ಯಾವ ದಂಡನೆಯೂ ಇರಲಿಲ್ಲ. ಅವಳ ಮಾತನ್ನು ಕೇಳಲಾಯಿತು. ಜುಮಾ ಖುತ್ಬಾದ ಮೊದಲಿನ ಬಯಾನ್‌ಗಳಲ್ಲಿ ಹೆಣ್ಣಿನ ಪರ್ದಾದ ಬಗ್ಗೆ ನಾವು ಎಷ್ಟೋ ಸಲ ಕೇಳಿದ್ದೇವೆ. ಈ ಘಟನೆಯ ಬಗ್ಗೆ ಎಷ್ಟು ಸಲ ಕೇಳಿದ್ದೇವೆ?

ದೇಶದ ಕಾನೂನು ಕೂಡ ನಿಧಾನವಾಗಿ ಇದೇ ದಿಕ್ಕಿಗೆ ಬಂದಿದೆ. ಒಂದು ಕಾಲದಲ್ಲಿ ನ್ಯಾಯಾಲಯದಲ್ಲಿ ಸಂತ್ರಸ್ತೆಯ ‘ನಡತೆ’ಯನ್ನೇ ಕೆದಕಬಹುದಿತ್ತು. ಹಾಗೆ ಕೆದಕಲು ಅವಕಾಶ ಕೊಡುತ್ತಿದ್ದ ನಿಯಮವನ್ನು ಸಂಸತ್ತು ಸಾಕ್ಷ್ಯ ಕಾಯ್ದೆಯಿಂದ ತೆಗೆದುಹಾಕಿತು. ಹಿಂದಿನ ಸಂಬಂಧಗಳನ್ನು ಮುಂದಿಟ್ಟು ಅವಳ ಒಪ್ಪಿಗೆ ಇತ್ತೆಂದು ವಾದಿಸುವಂತಿಲ್ಲ ಎಂದು 2013ರ ತಿದ್ದುಪಡಿ ಹೇಳಿತು. ‘ಎರಡು ಬೆರಳಿನ ಪರೀಕ್ಷೆ’ ಮಾಡಿದರೆ ಅದು ದುರ್ನಡತೆ ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿತು. ನ್ಯಾಯಾಲಯಗಳೂ ಎಡವಿದ್ದುಂಟು. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಜಾಮೀನು ಆದೇಶವೊಂದರಲ್ಲಿ, ಘಟನೆಯ ನಂತರ ನಿದ್ರೆ ಹೋದೆ ಎಂಬ ದೂರುದಾರಳ ಮಾತು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬ ಅರ್ಥದ ಸಾಲುಗಳಿದ್ದವು. ಜನ ಪ್ರಶ್ನಿಸಿದರು, ಕೆಲವೇ ದಿನಗಳಲ್ಲಿ ಆ ಸಾಲುಗಳನ್ನು ತೆಗೆಯಲಾಯಿತು. ಪ್ರಶ್ನಿಸಿದರೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಇನ್ನು ನಮ್ಮ ಹೊಸಹಳ್ಳಿಯ ಮಾತಿಗೆ ಬರೋಣ. ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆಯ ಸುತ್ತ ಊರಿಂದ ಬಂದು ನೆಲೆಸಿದ ಮನೆಗಳಲ್ಲಿ ಇಂದು ಹೆಣ್ಣುಮಕ್ಕಳು ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಆಸ್ಪತ್ರೆಯ ಪಾಳಿ ಮುಗಿಸಿ, ಆಫೀಸಿನ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಹೊಸಹಳ್ಳಿ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು ನಡೆದು ಬರುತ್ತಾರೆ. ಮನೆಯ ಇಎಂಐಯಲ್ಲಿ, ತಮ್ಮನ ಫೀಸಿನಲ್ಲಿ ಆ ದುಡಿಮೆಯ ಪಾಲಿದೆ. ದಾರಿಯಲ್ಲಿ ಅವಳಿಗೆ ಏನಾದರೂ ಆದರೆ ಅವಳು ಮೊದಲು ಯಾರಿಗೆ ಹೇಳಬೇಕು? ‘ಮನೆಯಲ್ಲಿ ಹೇಳಿದರೆ ನಾಳೆಯಿಂದ ಕೆಲಸ ಬಿಡಿಸುತ್ತಾರೆ, ಕಾಲೇಜು ನಿಲ್ಲಿಸುತ್ತಾರೆ, ಬೇಗ ಮದುವೆ ಮಾಡುತ್ತಾರೆ’ ಎಂದು ಹೆದರಿ ಎಷ್ಟೋ ಹುಡುಗಿಯರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ಮೌನದಿಂದ ಲಾಭವಾಗುವುದು ಒಬ್ಬನಿಗೇ. ಕೈ ಹಾಕಿದವನಿಗೆ.

ಹಾಗಾಗಿ ಮನೆಯಲ್ಲಿ ಉಮ್ಮ-ಬಾಪ ಇಂದೇ ಹೇಳಬೇಕಾದ ಮಾತು ಇದು: ‘ಏನೇ ಆಗಲಿ, ಮೊದಲು ನಮಗೆ ಹೇಳು. ಯಾಕೆ ಹೋದೆ ಎಂದು ಕೇಳುವುದಿಲ್ಲ.’ ಅದರ ಜೊತೆಗೆ ಗಂಡುಮಕ್ಕಳಿಗೆ ಹೇಳಬೇಕಾದ ಮಾತೂ ಇದೆ. ತಂಗಿಗೆ ಸಂಜೆ ಆರರ ಗಡುವು ಹಾಕುವ ಮನೆಯಲ್ಲಿ ಅಣ್ಣನಿಗೆ ರಾತ್ರಿ ಹನ್ನೆರಡರವರೆಗೆ ಎಲ್ಲಿದ್ದೆ, ಯಾರ ಜೊತೆ ಇದ್ದೆ, ಫೋನಿನಲ್ಲಿ ಏನು ನೋಡುತ್ತಿದ್ದೀಯ ಎಂದು ಕೇಳುವವರು ಯಾರು?

ಜಮಾಅತ್‌ನ ಹಿರಿಯರಿಗೂ ಒಂದು ವಿನಂತಿ. ಇಂಥ ವಿಷಯ ಬಂದಾಗ ‘ಮಾನ ಹೋಗುತ್ತದೆ, ಒಳಗೇ ಮುಗಿಸೋಣ’ ಎಂಬ ರಾಜಿ ಬೇಡ. ‘ಅವನಿಗೇ ಮದುವೆ ಮಾಡಿಸೋಣ’ ಎಂಬ ಮಾತಂತೂ ಬೇಡವೇ ಬೇಡ. ಇಂಥ ರಾಜಿ, ಮದುವೆಯ ಸಲಹೆಯನ್ನು ನ್ಯಾಯಾಧೀಶರೂ ಕೊಡಕೂಡದು ಎಂದು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂತ್ರಸ್ತೆ 18 ವರ್ಷದೊಳಗಿನ ಮಗುವಾದರೆ ಪೋಕ್ಸೊ ಕಾಯ್ದೆಯಡಿ ವಿಷಯ ಗೊತ್ತಿದ್ದೂ ದೂರು ಕೊಡದೆ ಮುಚ್ಚಿಡುವುದೇ ಅಪರಾಧ. ಮನೆ, ಶಾಲೆ, ಮದ್ರಸ ಎಲ್ಲಕ್ಕೂ ಇದು ಅನ್ವಯ.

ಗೊತ್ತಿರಬೇಕಾದ ಇನ್ನಷ್ಟು ಸಂಗತಿಗಳಿವೆ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ‘ನಮ್ಮ ವ್ಯಾಪ್ತಿ ಅಲ್ಲ’ ಎಂದು ವಾಪಸ್ ಕಳುಹಿಸುವಂತಿಲ್ಲ. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಪಡೆಯಬೇಕು, ಸಂತ್ರಸ್ತೆ ಬಯಸಿದರೆ ಅವಳ ಮನೆಯಲ್ಲೇ. ಸರ್ಕಾರಿಯೋ ಖಾಸಗಿಯೋ, ಎಲ್ಲ ಆಸ್ಪತ್ರೆಗಳೂ ಕೂಡಲೇ ಉಚಿತ ಚಿಕಿತ್ಸೆ ಕೊಡಲೇಬೇಕು. ಅವಳ ಹೆಸರು, ಫೋಟೊ, ಗುರುತು ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು. ಗ್ರೂಪ್ ಅಡ್ಮಿನ್‌ಗಳು ಇದನ್ನು ಎರಡು ಸಲ ಓದಿಕೊಳ್ಳಲಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಈ ಮೂರು ನಂಬರುಗಳು ಫ್ರಿಡ್ಜಿನ ಮೇಲೆ ಅಂಟಿರಲಿ.

ಬಿಲ್ಕಿಸ್ ಬಾನು ಎರಡು ದಶಕ ನ್ಯಾಯಕ್ಕಾಗಿ ಅಲೆದರು. ಅವರ ಬೆನ್ನಿಗೆ ನಿಂತವರಲ್ಲಿ ಬೇರೆ ಧರ್ಮದ ಹೆಣ್ಣುಮಕ್ಕಳೂ ವಕೀಲರೂ ಬಹಳ ಮಂದಿ ಇದ್ದರು. ಅಪರಾಧಿಗಳು ನಮ್ಮ ಧರ್ಮದವರಲ್ಲವೇ ಎಂದು ಅವರು ಹಿಂಜರಿಯಲಿಲ್ಲ. ಅದೇ ನ್ಯಾಯ ಹಾನಗಲ್‌ನ ಆ ಹೆಣ್ಣಿಗೂ ಸಲ್ಲಬೇಕು. ಅವಳು ಅಲ್ಲಿಗೆ ಯಾಕೆ ಹೋದಳು ಎಂಬುದಕ್ಕೆ ಅವಳು ನಮಗೆ ಉತ್ತರ ಕೊಡಬೇಕಿಲ್ಲ. ಅವರು ಒಳಗೆ ಯಾಕೆ ನುಗ್ಗಿದರು, ಅವರ ಮೆರವಣಿಗೆಗೆ ಕಾರು ಕೊಟ್ಟವರು ಯಾರು ಎಂಬುದಕ್ಕೆ ಉತ್ತರ ಕೊಡಬೇಕಾದವರು ಮಾತ್ರ ನಮ್ಮ ನಡುವೆಯೇ ಇದ್ದಾರೆ.