ಹಿಮದ ಹಾದಿಗೆ ಮುಂಬಯಿಯ ಪಾದ

ದೇಹದ ಅಂಗಾಂಗಗಳಲ್ಲಿ ಅತಿ ಹೆಚ್ಚು ದುಡಿದು ಅತಿ ಕಡಿಮೆ ಆದರ ಪಡೆಯುವುದು ಯಾವುದೆಂದು ಕೇಳಿದರೆ ಪಾದವೆಂದೇ ಹೇಳಬೇಕಾಗುತ್ತದೆ. ಕಣ್ಣು ಮಂಜಾದರೆ ಕನ್ನಡಕ ಬರುತ್ತದೆ, ಹಲ್ಲು ನೊಂದರೆ ದಂತವೈದ್ಯರ ದರ್ಶನವಾಗುತ್ತದೆ. ಪಾದ ನೊಂದರೆ ಮಾತ್ರ ‘ನಡೆದರೆ ಸರಿಹೋದೀತು’ ಎಂಬ ಸಮಾಧಾನವೇ ಔಷಧ. ಮುಂಬಯಿ ಕನ್ನಡಿಗರ ಮಟ್ಟಿಗಂತೂ ಈ ಅನಾದರ ಕೃತಘ್ನತೆಯೇ ಸರಿ. ಘಟ್ಟದ ಕೆಳಗಿನಿಂದಲೂ ಮೇಲಿನಿಂದಲೂ ಈ ನಗರಕ್ಕೆ ಬಂದಿಳಿದ ಹಿಂದಿನ ತಲೆಮಾರಿನ ಅನೇಕರಿಗೆ ಎರಡು ಕೈ, ಎರಡು ಕಾಲುಗಳ ಹೊರತು ಬೇರೆ ಬಂಡವಾಳವಿರಲಿಲ್ಲ. ಹಗಲೆಲ್ಲ ಹೊಟೇಲಿನ ಒದ್ದೆ ನೆಲದ ಮೇಲೆ ನಿಂತು, ರಾತ್ರಿ ಶಾಲೆಯ ಮೆಟ್ಟಿಲು ಹತ್ತಿದ ಆ ಪಾದಗಳ ಮೇಲೆಯೇ ಇಂದಿನ ಎಷ್ಟೋ ಸಂಸಾರಗಳು ನಿಂತಿವೆ.

ಆ ಸಂಸಾರಗಳ ಮಕ್ಕಳೂ ಮೊಮ್ಮಕ್ಕಳೂ ಈಗ ಹೊಸತೊಂದು ಸಾಹಸಕ್ಕೆ ಕಾಲಿಟ್ಟಿದ್ದಾರೆ. ಭಾನುವಾರ ಬೆಳಕು ಹರಿಯುವ ಮುನ್ನವೇ ಠಾಣೆಯ ಯೇವೂರು ಗುಡ್ಡದ ಕಡೆಗೋ ಗೋರೆಗಾಂವಿನ ಆರೇ ಕಾಲನಿಯ ಕಡೆಗೋ ಸೈಕಲ್ಲುಗಳು ಹೊರಡುತ್ತವೆ. ರುಚಿ ಹತ್ತಿದವರು ಮಾಳ್ಶೇಜ್ ಘಾಟಿನವರೆಗೂ ಹೋಗುತ್ತಾರೆ. ದೀರ್ಘ ರಜೆ ದೊರೆತವರು ಹಿಮಾಚಲ ಪ್ರದೇಶವನ್ನೂ ಲಡಾಖನ್ನೂ ಮುಟ್ಟಿ ಬರುತ್ತಾರೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ವಾರವಿಡೀ ಸವೆಯುವ ಯುವಜನರಿಗೆ ಇದಕ್ಕಿಂತ ಹಿತವಾದ ವ್ಯಾಯಾಮ ವಿರಳ. ಆದರೆ ಸೈಕಲ್ಲಿನ ಗೇರು, ಬ್ರೇಕುಗಳ ವಿಚಾರದಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಸುವವರು ಬೂಟನ್ನು ಕೊಳ್ಳುವುದು ಹೊರಡುವ ವಾರದಲ್ಲಿ. ಆಗಲೂ ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ಎರಡೇ: ಎಷ್ಟು ದಪ್ಪ? ಎಷ್ಟು ಬೆಲೆ?

ಈ ಎರಡೂ ತಪ್ಪು ಪ್ರಶ್ನೆಗಳು. ಬೂಟು ಬಿಸಿಯನ್ನು ಉತ್ಪಾದಿಸುವುದಿಲ್ಲ. ರಕ್ತವು ತಂದ ಬಿಸಿಯನ್ನು ಕಾಯ್ದಿಡುತ್ತದೆ, ಅಷ್ಟೆ. ರಕ್ತದ ಹರಿವಿಗೆ ಅಡ್ಡಿಯಾಗುವ ಬೂಟು ಎಷ್ಟೇ ದಪ್ಪವಿದ್ದರೂ ತಣ್ಣನೆಯ ಬೂಟೇ. ಒಳಗಿನ ಬೆವರನ್ನು ಹೊರಬಿಡದ ಬೂಟು ಎಷ್ಟೇ ಬೆಲೆಬಾಳಿದರೂ ಒದ್ದೆ ಬೂಟೇ. ಪಾದ ಬೆಚ್ಚಗಿರಲು ಮೂರು ಸಂಗತಿಗಳು ಅಗತ್ಯ: ಬೆರಳಾಡಿಸಲು ಸ್ಥಳ, ಒಣಗಿದ ಚರ್ಮ, ಹೋಗುವ ಊರಿನ ಹವೆಯ ತಿಳಿವಳಿಕೆ.

ಮೂರನೆಯದನ್ನೇ ಮೊದಲು ನೋಡಬಹುದು. ಮುಂಬಯಿಯ ಚಳಿಗಾಲ ಹೆಸರಿಗಷ್ಟೇ ಚಳಿಗಾಲ. ಸಾಂತಾಕ್ರೂಜಿನಲ್ಲಿ 1962ರ ಜನವರಿ 22ರಂದು ಉಷ್ಣತೆ 7.4 ಡಿಗ್ರಿಗೆ ಇಳಿದದ್ದನ್ನು ಇಂದಿಗೂ ದಾಖಲೆಯಾಗಿ ನೆನೆಯುತ್ತಾರೆಂದರೆ ಇಲ್ಲಿಯ ಚಳಿಯ ಯೋಗ್ಯತೆ ಸ್ಪಷ್ಟವಾಗುತ್ತದೆ. ಸಹ್ಯಾದ್ರಿಯಲ್ಲಿಯೂ ಕಥೆ ಹೆಚ್ಚು ಭಿನ್ನವಲ್ಲ. ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ ಕಳಸೂಬಾಯಿ 1,646 ಮೀಟರ್, ಕರ್ನಾಟಕದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಈ ಎತ್ತರಗಳಲ್ಲಿ ಡಿಸೆಂಬರಿನ ಮುಂಜಾನೆ ಗಾಳಿ ಕೊರೆದರೂ ಸಾಧಾರಣ ಬೂಟಿನೊಳಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಸಾಕು. ಇಲ್ಲಿಗೆ ಹಿಮದ ಬೂಟು ಕೊಳ್ಳುವುದು ಹಣವನ್ನು ಬೆವರಿನಲ್ಲಿ ನೆನೆಸಿದಂತೆ.

ಹಿಮಾಲಯದ ಮಾತು ಬೇರೆ. ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯ ತಂಗ್ಲಂಗ್ ಲಾ ಕಣಿವೆದಾರಿ 5,300 ಮೀಟರಿಗೂ ಎತ್ತರದಲ್ಲಿದೆ. ಬೇಸಗೆಯಲ್ಲಿಯೂ ಅಲ್ಲಿ ಹಿಮ ಬೀಳಬಹುದು. ಅದರ ಮೇಲೆ, ಸೈಕಲ್ ಸವಾರನ ಪಾದ ನಡೆಯುವವನ ಪಾದಕ್ಕಿಂತ ಬೇಗ ತಣಿಯುತ್ತದೆ. ನಡೆಯುವಾಗ ಪಾದ ಪ್ರತಿ ಹೆಜ್ಜೆಗೂ ಮಡಿಸಿ ಬಿಚ್ಚುತ್ತದೆ. ತುಳಿಯುವಾಗ ದುಡಿಯುವುದು ತೊಡೆ ಮತ್ತು ಮೀನಖಂಡ, ಪಾದವಾದರೋ ಪೆಡಲಿನ ಮೇಲೆ ಒತ್ತಿಕೊಂಡು ನಿಶ್ಚಲವಾಗಿರುತ್ತದೆ. ಏರಿನಲ್ಲಿ ಬೆವರು, ಇಳಿಜಾರಿನಲ್ಲಿ ಎದುರುಗಾಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಬಿಸಿಯನ್ನು ಹೀರುವುದರಿಂದ, ಏರಿನಲ್ಲಿ ನೆನೆದ ಕಾಲುಚೀಲವೇ ಇಳಿಜಾರಿನಲ್ಲಿ ಶತ್ರುವಾಗುತ್ತದೆ.

ಆದುದರಿಂದ ಆಯ್ಕೆಯ ಕ್ರಮ ಹೀಗಿರುವುದು ಲೇಸು. ಹಾಕಿಕೊಳ್ಳಲಿರುವ ಉಣ್ಣೆಯ ಕಾಲುಚೀಲವನ್ನು ಜೊತೆಗೊಯ್ದು, ಪಾದ ತುಸು ಊದಿರುವ ಸಂಜೆಯ ವೇಳೆ ಅಂಗಡಿಗೆ ಹೋಗಬೇಕು. ಲೇಸು ಬಿಗಿದ ಮೇಲೂ ಐದು ಬೆರಳುಗಳು ಸರಾಗವಾಗಿ ಆಡಬೇಕು. ಆಡದಿದ್ದರೆ ಒಂದು ಅಳತೆ ದೊಡ್ಡದನ್ನು ಕೇಳಬೇಕು. ಇಕ್ಕಟ್ಟಿನ ಬೂಟಿಗೆ ಎರಡನೆಯ ಕಾಲುಚೀಲವನ್ನು ತುರುಕುವುದು ಬೆಚ್ಚಗೆ ಮಾಡಿದಂತಲ್ಲ, ರಕ್ತನಾಳವನ್ನು ಹಿಚುಕಿದಂತೆ. ಚಳ್ಳಕೆರೆಯ ಕಂಬಳಿ ಹೊದ್ದು ಬೆಳೆದ ನಾಡಿನವರಿಗೆ ಉಣ್ಣೆಯ ಗುಣವನ್ನು ವಿವರಿಸಬೇಕಾಗಿಲ್ಲ: ತೇವಗೊಂಡರೂ ಅದು ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ, ಹತ್ತಿ ಹಾಗಲ್ಲ. ಬೂಟು ಕಣಕಾಲನ್ನು ಮುಚ್ಚುವಂತಿರಲಿ. ಅಡಿ ಹಿಡಿತವುಳ್ಳದ್ದಾಗಿರಲಿ, ಏಕೆಂದರೆ ಕಡಿದಾದ ಏರಿನಲ್ಲಿ ಸೈಕಲ್ಲನ್ನು ತಳ್ಳಿಕೊಂಡು ನಡೆಯುವ ಪ್ರಸಂಗ ಬಂದೇ ಬರುತ್ತದೆ. ಪೆಡಲಿಗೆ ಕಚ್ಚುವ ಲೋಹದ ತುಣುಕುಳ್ಳ ಬೂಟುಗಳಲ್ಲಿ ಆ ಲೋಹದ ಮೂಲಕವೇ ಚಳಿ ಒಳನುಗ್ಗುತ್ತದೆ. ಹೊಸಬರಿಗೆ ಚಪ್ಪಟೆ ಪೆಡಲೂ ಸಾಮಾನ್ಯ ಅಡಿಯ ಬೂಟೂ ಕ್ಷೇಮಕರ. ಷರಾಯಿಯ ಅಂಚು ಬೂಟಿನ ಮೇಲೆ ಬೀಳುವಂತಿದ್ದರೆ ನೀರು ಹೊರಗೆ ಹರಿದುಹೋಗುತ್ತದೆ. ಒಂದು ಒಣ ಜೊತೆ ಕಾಲುಚೀಲ ಸದಾ ಚೀಲದಲ್ಲಿರಲಿ. ಇಳಿಜಾರಿಗೆ ಮುನ್ನ ಅದನ್ನು ಬದಲಿಸುವ ಐದು ನಿಮಿಷ ಐದು ಸಾವಿರ ರೂಪಾಯಿಯ ಬೂಟಿಗಿಂತ ಹೆಚ್ಚು ಉಪಕಾರಿ.

ಅಟ್ಟದ ಮೇಲಿಟ್ಟ ಹಳೆಯ ಬೂಟಿನ ಬಗೆಗೆ ವಿಶೇಷ ಎಚ್ಚರ ಬೇಕು. ಅನೇಕ ಬೂಟುಗಳ ಅಡಿಯಲ್ಲಿರುವ ಪಾಲಿಯುರೆಥೇನ್ ಎಂಬ ವಸ್ತು ಗಾಳಿಯ ತೇವದಿಂದ ವರ್ಷಗಳು ಕಳೆದಂತೆ ಶಿಥಿಲಗೊಳ್ಳುತ್ತದೆ. ಮುಂಬಯಿಯ ಮಳೆಗಾಲ ಅದಕ್ಕೆ ಹೇಳಿ ಮಾಡಿಸಿದ ಹವೆ. ಅಣ್ಣ ಬಳಸಿ ಇಟ್ಟ ಬೂಟು ತಮ್ಮನ ಕಾಲಿನಲ್ಲಿ ಅರ್ಧದಾರಿಯಲ್ಲಿ ಅಡಿ ಕಳಚಿಕೊಳ್ಳುವುದುಂಟು. ಯಾವ ಬೂಟನ್ನೇ ಆಗಲಿ, ಹೊರಡುವ ಒಂದು ತಿಂಗಳ ಮುಂಚೆಯೇ ಯೇವೂರಿನ ಏರಿನಲ್ಲಿ ಪರೀಕ್ಷಿಸಬೇಕು.

ಇನ್ನು ಬೂಟಿನ ಮಿತಿಯನ್ನೂ ಅರಿಯಬೇಕು. ಬೆರಳು ಜೋಮುಹಿಡಿದು ಬಿಳುಚಿ, ಮೇಣದಂತೆ ಕಂಡರೆ ಅದು ಹಿಮಕಡಿತದ ಮುನ್ಸೂಚನೆ. ಆಗ ಹಿಮದಿಂದ ಉಜ್ಜುವುದಾಗಲಿ ಬೆಂಕಿಗೆ ಒಡ್ಡುವುದಾಗಲಿ ಅನಾಹುತಕಾರಿ. ಮರಗಟ್ಟಿದ ಚರ್ಮಕ್ಕೆ ಸುಟ್ಟರೂ ತಿಳಿಯುವುದಿಲ್ಲ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಸ್ಥಳ ಸೇರಿದ ಮೇಲೆ 37ರಿಂದ 39 ಡಿಗ್ರಿಯ ಹದವಾದ ನೀರಿನಲ್ಲಿ ಪಾದವನ್ನಿಟ್ಟು ವೈದ್ಯರನ್ನು ಕಾಣುವುದೇ ಮಾರ್ಗ. ಧೂಮಪಾನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮಧುಮೇಹದಿಂದ ನರಗಳು ಮಂದವಾದವರಿಗೆ ಚಳಿಯೂ ನೋವೂ ತಿಳಿಯದು; ಅಂಥವರು ವೈದ್ಯರ ಸಲಹೆಯಿಲ್ಲದೆ ಹೊರಡಲಾಗದು.

‘ಹಿರಿಯರು ಬರಿಗಾಲಿನಲ್ಲಿ ಘಟ್ಟ ಹತ್ತಿಳಿದರು, ಅವರಿಗೇನಾಗಿತ್ತು?’ ಎಂದು ಕೇಳುವವರಿದ್ದಾರೆ. ಆಗಿದ್ದುದು ಬಹಳ, ಒಡೆದ ಹಿಮ್ಮಡಿಯ, ಬೆರಳ ಸಂದಿ ಕೊಳೆತ ಪಾದಗಳ ಕಥೆಯನ್ನು ಯಾರೂ ಬರೆದಿಡಲಿಲ್ಲ, ಅಷ್ಟೆ. ಪಾದ ಕೊಳೆಯಲು ಹಿಮವೇ ಬೇಕಿಲ್ಲ. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಕಂದಕಗಳ ನೀರಿನಲ್ಲಿ ದಿನಗಟ್ಟಲೆ ನಿಂತ ಸೈನಿಕರ ಪಾದಗಳು ಹೆಪ್ಪುಗಟ್ಟದೆಯೇ ಕೆಟ್ಟುಹೋದವು. ಬೆಚ್ಚನೆಯ ನೀರಿನಲ್ಲಿ ನೆನೆಯುತ್ತಲೇ ಇರುವ ಪಾದವೂ ಬಿಳುಚಿ, ಸುಕ್ಕುಗಟ್ಟಿ, ನೋಯುತ್ತದೆ.

ಇಲ್ಲಿಯೇ ಈ ವಿಚಾರ ಹಿಮಾಲಯದಿಂದ ಇಳಿದು ಮುಂಬಯಿಯ ಬೀದಿಗೆ ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಲಕ್ಷಾಂತರ ಜನ ಕೊಳೆನೀರಿನಲ್ಲಿ ನಡೆದು ಮನೆ ಸೇರಿದರು; ಅದರ ಬೆನ್ನಿಗೇ ಲೆಪ್ಟೊಸ್ಪೈರೊಸಿಸ್, ಅಂದರೆ ಇಲಿಜ್ವರ, ಹಬ್ಬಿತು. ಇಲಿಯ ಮೂತ್ರದಲ್ಲಿರುವ ರೋಗಾಣು ಪಾದದ ಗಾಯದಿಂದಲೂ ನೆನೆದು ಮೆತ್ತಗಾದ ಚರ್ಮದಿಂದಲೂ ದೇಹವನ್ನು ಹೊಗುತ್ತದೆ. ಅಂಥ ನೀರಿಗೆ ಗಂಬೂಟೇ ಯೋಗ್ಯ, ಮೊಳಕಾಲಿನವರೆಗಾದರೆ ಉತ್ತಮ. ಗಾಯವಿದ್ದು ನೀರಿಗಿಳಿಯಬೇಕಾಗಿ ಬಂದವರು ರೋಗಲಕ್ಷಣಕ್ಕಾಗಿ ಕಾಯದೆ ಬೇಗನೆ ವೈದ್ಯರನ್ನು ಕಂಡು ಮುನ್ನೆಚ್ಚರಿಕೆಯ ಔಷಧ ಪಡೆಯಬೇಕು. ಆದರೆ ಅದೇ ಗಂಬೂಟು ಸೈಕಲ್ ತುಳಿಯಲು ಬಾರದು. ಹಿಮದ ಬೂಟೋ ಬೀದಿಯ ನೀರಿಗೆ ಸಲ್ಲದು. ಒಂದೊಂದು ನೀರಿಗೂ ಒಂದೊಂದು ಪಾದರಕ್ಷೆ.

ಮಗನ ಹದಿನೈದು ದಿನದ ಹಿಮಯಾತ್ರೆಗೆ ಬೂಟು ಹುಡುಕುವ ಮನೆ, ವರ್ಷವಿಡೀ ಪಾತ್ರೆ ತೊಳೆಯುವ ಮೋರಿಯ ಬಳಿ ರಬ್ಬರ್ ಚಪ್ಪಲಿಯಲ್ಲಿ ನಿಂತಿರುವ ಹುಡುಗನ ಪಾದವನ್ನೂ, ಮಳೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ ತುಳಿಯುವವನ ಪಾದವನ್ನೂ ಒಮ್ಮೆ ನೋಡಬೇಡವೇ? ಒಬ್ಬನದು ಹವ್ಯಾಸ, ಇನ್ನೊಬ್ಬನದು ಹೊಟ್ಟೆಪಾಡು. ಚರ್ಮದ ಧರ್ಮ ಮಾತ್ರ ಒಂದೇ. ಹೊಟೇಲು ನಡೆಸುವವರು ಕೆಲಸಗಾರರಿಗೆ ಸಮವಸ್ತ್ರ ಕೊಡುವಂತೆ ಗಂಬೂಟನ್ನೂ, ಪಾಳಿ ಮುಗಿದಾಗ ಪಾದ ಒರಸಲು ಒಣ ಬಟ್ಟೆಯನ್ನೂ ಕೊಡಬೇಕು. ಆ ವೆಚ್ಚ ಒಂದು ದಿನದ ಆಸ್ಪತ್ರೆಯ ವೆಚ್ಚಕ್ಕಿಂತ ಕಡಿಮೆ. ಯುವಕರನ್ನು ಪರ್ವತಯಾತ್ರೆಗೆ ಕಳುಹಿಸುವ ಸಂಘಗಳು ಹೆಸರು, ವಯಸ್ಸುಗಳೊಡನೆ ಪಾದದ ತಪಾಸಣೆಯನ್ನೂ ಬೂಟಿನ ತಪಾಸಣೆಯನ್ನೂ ಕಡ್ಡಾಯ ಮಾಡಬೇಕು; ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ ಅಳೆಯುವ ಮೇಜಿನ ಪಕ್ಕದಲ್ಲಿ ಪಾದ ನೋಡುವ ಮೇಜೊಂದನ್ನು ಇಡಬೇಕು.

ಪಾದುಕೆಯನ್ನು ಸಿಂಹಾಸನದ ಮೇಲಿಟ್ಟು ರಾಜ್ಯವಾಳಿದ ಭರತನ ಕಥೆಯನ್ನೂ, ಪಾದರಕ್ಷೆ ಹೊಲಿಯುವ ಕಾಯಕದಿಂದಲೇ ಶರಣನಾದ ಹರಳಯ್ಯನ ಕಥೆಯನ್ನೂ ಕನ್ನಡಿಗರು ಭಕ್ತಿಯಿಂದ ಕೇಳುತ್ತಾರೆ. ಆ ಭಕ್ತಿಯ ಒಂದು ಅಂಶ ಪಾದಕ್ಕೂ ಸಲ್ಲಲಿ. ಒಣಗಿದ, ಬೆರಳಾಡುವ, ನೋವು ತಿಳಿಯುವ ಪಾದ ಹಿಮದಲ್ಲಿಯೂ ಹೊಟೇಲಿನಲ್ಲಿಯೂ ಮನುಷ್ಯನನ್ನು ಮನೆಗೆ ತಲುಪಿಸುತ್ತದೆ.