ಪತ್ತಿನ ವರದಿಯೂ ಪಹಣಿಯೂ

ಜಗಳೂರು ತಾಲ್ಲೂಕಿನ ಸೊಕ್ಕೆಯ ಕಡೆಯ ರಯಿತರು ಪಹಣಿಯ ವಿಷಯದಲ್ಲಿ ಬಹು ಜಾಗರೂಕರು. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ತಾಲ್ಲೂಕು ಕಚೇರಿಗೆ ಅಲೆದು ತಿದ್ದಿಸದೆ ಬಿಡುವವರಲ್ಲ. ಆದರೆ ತಮ್ಮ ಹೆಸರಿನಲ್ಲಿ ಮತ್ತೊಂದು ದಾಖಲೆಯೂ ಬೆಳೆಯುತ್ತಿರುವುದೆಂಬುದನ್ನು ಅವರಲ್ಲಿ ಅನೇಕರು ಅರಿಯರು. ಅದೇ ಪತ್ತಿನ ವರದಿ. ಜನರ ಬಾಯಲ್ಲಿ ಸಿಬಿಲ್.

ಹಿಂದೆ ಸಾಲ ಕೊಡುವ ಸಾಹುಕಾರನಿಗೆ ಸಾಲಗಾರನ ಮನೆ, ಎತ್ತು, ನಡತೆಗಳು ಕಣ್ಣಾರೆ ಗೊತ್ತಿದ್ದವು. 1905ರಲ್ಲಿ ಕಣಗಿನಹಾಳದಲ್ಲಿ ಹುಟ್ಟಿದ ಪತ್ತಿನ ಸಹಕಾರ ಸಂಘವೂ ಊರವರ ಪರಸ್ಪರ ಪರಿಚಯದ ಮೇಲೆಯೇ ನಿಂತಿದ್ದಿತು. ಈಗಲಾದರೋ, 2005ರ ಶಾಸನದ ಮೇರೆಗೆ ನಾಲ್ಕು ಕಂಪೆನಿಗಳು ಬ್ಯಾಂಕುಗಳಿಂದ ಲೆಕ್ಕ ತರಿಸಿಕೊಂಡು, ಒಬ್ಬೊಬ್ಬ ಸಾಲಗಾರನಿಗೂ 300ರಿಂದ 900ರವರೆಗೆ ಅಂಕ ಕಟ್ಟುತ್ತವೆ. ಮಳೆ ಹೋದ ವರ್ಷ ಯಾವುದೆಂಬುದು ಆ ಅಂಕಕ್ಕೆ ತಿಳಿಯದು. ಇದು ನನಗೆ ಸರಿತೋರದ ಸಂಗತಿ. ಆದರೂ ಬ್ಯಾಂಕಿನವರು ಮೊದಲು ನೋಡುವುದು ಅದನ್ನೇ.

ಕಳೆದ ಮುಂಗಾರಿಗೆ ಮುಂಚೆ, ಮೆಕ್ಕೆಜೋಳ ಬೆಳೆಯುವ ರಯಿತರೊಬ್ಬರು ಸಾಲ ಕೇಳಹೋಗಿ ಬರಿಗೈಯಲ್ಲಿ ಹಿಂದಿರುಗಿದರು. ಒಂದು ಕಂತನ್ನೂ ತಪ್ಪಿಸಿದವರಲ್ಲ. ನಾನೇ ಜೊತೆಯಲ್ಲಿ ಕುಳಿತು ವರದಿ ತೆಗೆಸಿ ನೋಡಲಾಗಿ, ಭಾವಮೈದುನನ ಸಾಲಕ್ಕೆ ಅವರು ನಿಂತಿದ್ದ ಜಾಮೀನು ಬಾಕಿಯೆಂದು ಕಾಣಿಸಿದ್ದಿತು. ಆ ಸಾಲ ತೀರಿ ಎರಡು ವರ್ಷವಾಗಿದ್ದಿತು. ತೀರುವಳಿ ಪತ್ರವು ಪೆಟ್ಟಿಗೆಯಲ್ಲಿಯೇ ಇದ್ದಿತು. ಸಾಲ ಕೊಟ್ಟವರು ಅದನ್ನು ಕಂಪೆನಿಗೆ ತಿಳಿಸಿರಲಿಲ್ಲ. ತಪ್ಪು ತಿದ್ದಿ ಬರುವುದರೊಳಗೆ ಬಿತ್ತನೆ ಕಳೆದುಹೋಗಿ, ಬೀಜ ಗೊಬ್ಬರಗಳಿಗೆ ಅವರು ಕೈಸಾಲ ಮಾಡಿ ದುಬಾರಿ ಬಡ್ಡಿ ತೆತ್ತರು. ವರದಿಯನ್ನು ಯುಗಾದಿಯ ವೇಳೆಗೆ ನೋಡಿದ್ದರೆ ಈ ನಷ್ಟವಿರಲಿಲ್ಲ.

ರಿಸರ್ವ್ ಬ್ಯಾಂಕಿನ ಆಜ್ಞೆಯಂತೆ 2017ರಿಂದ ಪ್ರತಿಯೊಂದು ಕಂಪೆನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡತಕ್ಕದ್ದು. ದೂರನ್ನು 30 ದಿವಸಗಳಲ್ಲಿ ಇತ್ಯರ್ಥಪಡಿಸದಿದ್ದರೆ, ಮುಂದಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಸಲ್ಲಬೇಕೆಂಬ ನಿಯಮವು 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ತಮ್ಮ ವರದಿಯನ್ನು ತಾವೇ ನೋಡಿದರೆ ಅಂಕ ಇಳಿಯುವುದೆಂಬ ಮಾತು ಸುಳ್ಳು.

“ಸಾಲವೇ ಬೇಡದವನಿಗೆ ಇದೇಕೆ?” ಎಂದು ಕೆಲವರು ಕೇಳುವುದುಂಟು. ಜಾಮೀನಿಗೆ ಸಹಿ ಹಾಕಿದವರೂ, ಆಧಾರ್ ಚೀಟಿಯ ನಕಲನ್ನು ಕಂಡಕಂಡವರಿಗೆ ಕೊಟ್ಟವರೂ ಹಾಗೆನ್ನಲಾಗದು. ಅನ್ಯರು ತಮ್ಮ ಹೆಸರಿನಲ್ಲಿ ತೆಗೆದ ಸಾಲವೂ ಅಲ್ಲಿಯೇ ಗೊತ್ತಾಗತಕ್ಕದ್ದು. ಓದಲು ಬಾರದ ಹಿರಿಯರು ಕಾಲೇಜಿಗೆ ಹೋಗುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿಸಲಿ. ಹಣ ಕೊಟ್ಟರೆ ಅಂಕ ಏರಿಸಿಕೊಡುತ್ತೇವೆನ್ನುವ ದಲ್ಲಾಳಿಗಳನ್ನು ಮಾತ್ರ ಹೊಸಲು ದಾಟಿಸಬಾರದು.